ದಾಣಿ ನಿಲ್ಲಿಸಿದರೂ ಕುದುರೆ ಇಳಿಯುತ್ತಿಲ್ಲವೇ? ಮೇವು ಅಳೆದು ಕೊಡುವ ಬಗೆ

ಕುದುರೆ ಸಾಕಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ. "ದಾಣಿ ನಿಲ್ಲಿಸಿಬಿಟ್ಟೆವು, ಆದರೂ ಮೈ ಇಳಿಯುತ್ತಿಲ್ಲ. ಕತ್ತು ದಪ್ಪ ಆಗ್ತಾನೇ ಇದೆ. ಇನ್ನೇನು ಕಡಿಮೆ ಮಾಡೋಣ?" (ದಾಣಿ ಅಂದರೆ ಕುದುರೆಗೆ ಕೊಡುವ ಕಾಳು, ಧಾನ್ಯ.) ಇದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಎರಡು ದಿನ ಉಪವಾಸ ಹಾಕಿದರೆ ಸರಿಹೋಗುತ್ತಾ?" ಎರಡನೆಯದಕ್ಕೆ ಈಗಲೇ ಉತ್ತರ ಹೇಳುತ್ತೇನೆ. ಬೇಡ, ಯಾವ ಕಾರಣಕ್ಕೂ ಬೇಡ. ಅದು ಜೀವಕ್ಕೇ ಅಪಾಯ. ಮೊದಲ ಪ್ರಶ್ನೆಗೆ ಒಂದು ಸಾಲಿನ ಉತ್ತರ ಇಲ್ಲ, ಹಾಗಾಗಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಇದು ತಟ್ಟು, ಪೋನಿ, ಮಾರ್ವಾಡಿ, ಕಾಠಿಯಾವಾಡಿ ಅಥವಾ ಮಿಶ್ರ ತಳಿಯ ಕುದುರೆ ಸಾಕಿರುವವರಿಗಾಗಿ ಬರೆದದ್ದು. ತೋಟದಲ್ಲಿ ಒಂದೆರಡು ಕುದುರೆ ಇಟ್ಟುಕೊಂಡವರು, ಸವಾರಿ ಶಾಲೆ ನಡೆಸುವವರು, ಟಾಂಗಾ ಅಥವಾ ಮದುವೆ ಮೆರವಣಿಗೆಯ ಕುದುರೆ ಇರುವವರು, ಎಲ್ಲರಿಗೂ ಉಪಯೋಗ ಆಗುತ್ತದೆ. ರೇಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್ ಕುದುರೆಗಳಲ್ಲಿ ಈ ತೊಂದರೆ ಕಡಿಮೆ. ಅವುಗಳದ್ದು ಸಾಮಾನ್ಯವಾಗಿ ಮೈ ಹತ್ತದ ಸಮಸ್ಯೆ. ಆದರೆ ಕೆಲಸ ನಿಂತ ಮೇಲೂ ರೇಸ್ ಕಾಲದ ದಾಣಿಯನ್ನೇ ಮುಂದುವರಿಸಿದರೆ ಅವಕ್ಕೂ ತಾಪತ್ರಯ ತಪ್ಪಿದ್ದಲ್ಲ.

ಒಂದು ಮಾತು ಮೊದಲೇ. ನಿಮ್ಮ ಕುದುರೆ ಈಗಲೇ ಕುಂಟುತ್ತಿದ್ದರೆ, ಮುಂಗಾಲಿನ ಭಾರ ತಪ್ಪಿಸಲು ಹಿಂದಕ್ಕೆ ವಾಲಿ ನಿಂತಿದ್ದರೆ, ಗಟ್ಟಿ ನೆಲದ ಮೇಲೆ ಹೆಜ್ಜೆ ಇಡಲು ಹಿಂಜರಿಯುತ್ತಿದ್ದರೆ, ಇದನ್ನು ಓದುವುದು ಬಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ. ಅವರು ಬರುವವರೆಗೆ ದಾಣಿ, ಹಸಿ ಹುಲ್ಲು ಎರಡನ್ನೂ ನಿಲ್ಲಿಸಿ, ಒಣಹುಲ್ಲು ಮತ್ತು ನೀರನ್ನು ಬಾಯಿ ಹತ್ತಿರಕ್ಕೇ ಇಡಿ. ಕಾಲ ಕೆಳಗೆ ದಪ್ಪಗೆ ಮರಳೋ ಮರದ ಹೊಟ್ಟೋ ಹಾಸಿ. ಗೊರಸುಗಳನ್ನು ಐಸ್ ನೀರಿನಲ್ಲಿ ಇಡಲು ಆದರೆ ಇಡಿ. "ಸ್ವಲ್ಪ ನಡೆಸಿದರೆ ಸಡಿಲ ಆಗುತ್ತೆ" ಎಂದು ಹೇಳುವವರ ಮಾತು ಕೇಳಬೇಡಿ. ಆ ಸ್ಥಿತಿಯಲ್ಲಿ ನಡೆಸಿದಷ್ಟೂ ಗೊರಸಿನೊಳಗೆ ಹಾನಿ ಹೆಚ್ಚುತ್ತದೆ.

ಒಳಗೆ ಏನಾಗುತ್ತಿರುತ್ತದೆ?

ಕುದುರೆ ಸಕ್ಕರೆ ಅಥವಾ ಪಿಷ್ಟ ತಿಂದಾಗ ರಕ್ತಕ್ಕೆ ಇನ್ಸುಲಿನ್ ಬರುತ್ತದೆ. ಕೆಲವು ಕುದುರೆಗಳಲ್ಲಿ ಅದು ಬೇಕಾದ್ದಕ್ಕಿಂತ ತುಂಬ ಜಾಸ್ತಿ ಬರುತ್ತದೆ, ಬೇಗ ಇಳಿಯುವುದೂ ಇಲ್ಲ. ಇದಕ್ಕೆ ಇನ್ಸುಲಿನ್ ಏರುಪೇರು ಎನ್ನುತ್ತಾರೆ. ಇದರ ಜೊತೆ ಬೊಜ್ಜು ಮತ್ತು ಗೊರಸಿನ ಉರಿಯೂತದ ಅಪಾಯ ಸೇರಿದರೆ ಅದೇ ಈಕ್ವೈನ್ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಕುದುರೆಯ ಮೈ ಆಹಾರವನ್ನು ಬಳಸಿಕೊಳ್ಳುವ ರೀತಿಯೇ ಕೆಟ್ಟಿರುವುದು. ಗೊರಸಿನ ಉರಿಯೂತಕ್ಕೆ ವೈದ್ಯರು ಲ್ಯಾಮಿನೈಟಿಸ್ ಎನ್ನುತ್ತಾರೆ. ಗೊರಸಿನ ಗಟ್ಟಿ ಕವಚವನ್ನು ಒಳಗಿನ ಮೂಳೆಗೆ ಹಿಡಿದಿಟ್ಟಿರುವ ಪದರ ಅದರಲ್ಲಿ ಸಡಿಲವಾಗುತ್ತದೆ. ವಿಪರೀತಕ್ಕೆ ಹೋದರೆ ಮೂಳೆ ತಿರುಗಿ ಅಂಗಾಲಿನ ಕಡೆಗೆ ಇಳಿಯುತ್ತದೆ. ಅಷ್ಟಾದ ಮೇಲೆ ಕುದುರೆಯನ್ನು ಉಳಿಸಿಕೊಳ್ಳುವುದು ಕಷ್ಟ.

ಇನ್ಸುಲಿನ್‌ಗೂ ಲ್ಯಾಮಿನೈಟಿಸ್‌ಗೂ ಇರುವ ನಂಟು ಊಹೆಯ ಮಾತಲ್ಲ. 2007ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಆರೋಗ್ಯವಾಗಿದ್ದ ಪೋನಿಗಳ ರಕ್ತಕ್ಕೆ ಇನ್ಸುಲಿನ್ ಹರಿಸಿ, ಸಕ್ಕರೆ ಮಟ್ಟ ಕುಸಿಯದಂತೆ ನೋಡಿಕೊಂಡರು. ಮೂರು ದಿನದೊಳಗೆ ಅವಕ್ಕೆ ಲ್ಯಾಮಿನೈಟಿಸ್ ಬಂತು. ಅಂದರೆ ಇನ್ಸುಲಿನ್ ಒಂದೇ ಏರಿದರೂ ಗೊರಸು ಕೆಡುತ್ತದೆ. ಮನುಷ್ಯರ ಸಕ್ಕರೆ ಕಾಯಿಲೆಗೂ ಇದಕ್ಕೂ ಇಲ್ಲೇ ವ್ಯತ್ಯಾಸ. ಈ ಕುದುರೆಗಳ ರಕ್ತದ ಸಕ್ಕರೆ ಬಹುತೇಕ ಸರಿಯಾಗಿಯೇ ಇರುತ್ತದೆ. ಮನೆಯ ಗ್ಲುಕೋಮೀಟರಿನಲ್ಲಿ ನೋಡಿ "ಶುಗರ್ ನಾರ್ಮಲ್ ಇದೆ" ಎಂದು ಸಮಾಧಾನ ಪಟ್ಟುಕೊಳ್ಳುವಂತಿಲ್ಲ.

ಮೊದಲು ಜೋಡಿಸಿಕೊಳ್ಳಬೇಕಾದ್ದು

ದರ್ಜಿಯ ಟೇಪು ಎರಡು (ಒಂದು ಸಾಲದು, ಜೋಡಿಸಿ ಹೊಲಿದುಕೊಳ್ಳಿ), ಲಗೇಜ್ ತೂಗುವ ಡಿಜಿಟಲ್ ಕೊಕ್ಕೆ ತಕ್ಕಡಿ, ಸಣ್ಣ ಕಣ್ಣಿನ ಹುಲ್ಲಿನ ಬಲೆ ಕನಿಷ್ಠ ಮೂರು, ಹುಲ್ಲು ನೆನೆಸಲು ಒಂದು ಡ್ರಮ್ಮು, ಒಂದು ನೋಟ್‌ಬುಕ್. ಇವುಗಳಲ್ಲಿ ಜನ ಕೊಳ್ಳದೆ ಬಿಡುವುದು ತಕ್ಕಡಿಯನ್ನೇ. ಅದಿಲ್ಲದೆ ಶುರು ಮಾಡಲೇಬೇಡಿ. "ದಿನಕ್ಕೆ ಎರಡು ಕಟ್ಟು ಹಾಕ್ತೀವಿ" ಎಂಬ ಲೆಕ್ಕ ಲೆಕ್ಕವೇ ಅಲ್ಲ. ಒಂದೇ ಗಾಡಿಯಲ್ಲಿ ಬಂದ ಕಟ್ಟುಗಳನ್ನು ತೂಗಿ ನೋಡಿ, ಎಷ್ಟು ಹೆಚ್ಚುಕಡಿಮೆ ಇರುತ್ತವೆ ಎಂದು ನಿಮಗೇ ತಿಳಿಯುತ್ತದೆ.

1. ಮೈ ನೋಡಿ, ಮುಟ್ಟಿ ನೋಡಿ

ಕಣ್ಣಳತೆ ಮೋಸ ಮಾಡುತ್ತದೆ. ದಿನವೂ ನೋಡುವ ಕುದುರೆ ದಪ್ಪ ಆಗಿದ್ದು ಮನೆಯವರಿಗೆ ಕಾಣುವುದೇ ಇಲ್ಲ. ಕೈ ಹಾಕಿ ನೋಡಬೇಕು.

ಪಕ್ಕೆಯ ಮೇಲೆ ಅಂಗೈ ಸವರಿ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಆದರೆ ಒತ್ತದೆಯೇ ಬೆರಳಿಗೆ ಸಿಗಬೇಕು. ಒತ್ತಿದರೂ ಸಿಗದಿದ್ದರೆ ಬೊಜ್ಜು ಬಂದಿದೆ. ಹೆನ್ನೆಕೆ ಎಂಬುವರು 1983ರಲ್ಲಿ ರೂಪಿಸಿದ 1ರಿಂದ 9ರವರೆಗಿನ ಮೈಕಟ್ಟಿನ ಅಂಕವನ್ನು ಪಶುವೈದ್ಯರು ಈಗಲೂ ಬಳಸುತ್ತಾರೆ. 5 ಸರಿಯಾದ ಮೈಕಟ್ಟು, 7 ದಾಟಿದರೆ ಕಾಳಜಿ ಮಾಡಬೇಕು.

ಆಮೇಲೆ ಕತ್ತು. ಕೂದಲು ಬೆಳೆಯುವ ಏಣಿನ ಉದ್ದಕ್ಕೂ ಹಿಡಿದು ಅತ್ತ ಇತ್ತ ಬಗ್ಗಿಸಿ. ಚೆನ್ನಾಗಿರುವ ಕುದುರೆಯಲ್ಲಿ ಅದು ತೆಳ್ಳಗೆ, ಸಲೀಸಾಗಿ ಬಾಗುತ್ತದೆ. ಮುಷ್ಟಿ ತುಂಬುವಷ್ಟು ದಪ್ಪ ಇದ್ದು, ಗಟ್ಟಿಯಾಗಿ ಬಾಗದೆ ನಿಂತರೆ ಎಚ್ಚರಿಕೆ. ಬಾಲದ ಬುಡ, ಭುಜದ ಹಿಂಬದಿ, ಕಣ್ಣಿನ ಮೇಲಿನ ಗುಳಿ, ಈ ಮೂರು ಕಡೆಯೂ ನೋಡಿ. ಗುಳಿ ತುಂಬಿಕೊಂಡು ಉಬ್ಬಿದ್ದರೆ ಅಲ್ಲೂ ಕೊಬ್ಬು ಸೇರಿದೆ. ಮೈಯೆಲ್ಲ ಹದವಾಗಿದ್ದು ಕತ್ತು ಮಾತ್ರ ದಪ್ಪ ಇರುವ ಕುದುರೆಗಳೂ ಉಂಟು. "ದಪ್ಪ ಇಲ್ವಲ್ಲ" ಎಂದು ಅವನ್ನು ಬಿಟ್ಟುಬಿಡಬೇಡಿ.

ಕೊನೆಗೆ ಗೊರಸು. ಗೋಡೆಯ ಮೇಲೆ ಅಡ್ಡ ಗೆರೆಗಳಿರುತ್ತವೆ. ಆ ಗೆರೆಗಳು ಮುಂದೆ ಒತ್ತೊತ್ತಾಗಿದ್ದು ಹಿಮ್ಮಡಿ ಕಡೆಗೆ ಹೋದಂತೆ ಅಗಲ ಆಗುತ್ತಿದ್ದರೆ, ಹಿಂದೆ ಯಾವಾಗಲೋ ಸಣ್ಣಗೆ ಲ್ಯಾಮಿನೈಟಿಸ್ ಬಂದು ಹೋಗಿದೆ ಎಂದು ಅರ್ಥ. ಲಾಳ ಕಟ್ಟುವವರನ್ನು ಕೇಳಿ, ಇದು ಅವರ ಕಣ್ಣಿಗೆ ಮೊದಲು ಬೀಳುತ್ತದೆ.

2. ವೈದ್ಯರಿಂದ ಪರೀಕ್ಷೆ ಮಾಡಿಸಿ

ರಕ್ತದಲ್ಲಿ ಇನ್ಸುಲಿನ್ ಎಷ್ಟಿದೆ ಎಂದು ನೋಡಿಸಬೇಕು. ಈ ಪರೀಕ್ಷೆಗೆ ಕುದುರೆಯನ್ನು ಉಪವಾಸ ಇಡುವುದು ಬೇಡ. ಹುಲ್ಲು ತಿನ್ನುತ್ತಿರಲಿ, ಆದರೆ ಹಿಂದಿನ 4 ಗಂಟೆಯಲ್ಲಿ ದಾಣಿ ಕೊಟ್ಟಿರಬಾರದು. ಈ ಪರೀಕ್ಷೆಯಲ್ಲಿ ಏನೂ ಕಾಣದೆ ಅನುಮಾನ ಮಾತ್ರ ಉಳಿದರೆ, ಅಳತೆಯ ಸಕ್ಕರೆ ಪಾಕ ಕುಡಿಸಿ ಮತ್ತೆ ರಕ್ತ ತೆಗೆಯುವ ಇನ್ನೊಂದು ಪರೀಕ್ಷೆ ಇದೆ. ಅದನ್ನು ವೈದ್ಯರೇ ಮಾಡಬೇಕು. ಮನೆಯಲ್ಲಿ ಬೆಲ್ಲದ ನೀರು ಕುಡಿಸಿ ನೋಡುವ ಪ್ರಯೋಗ ಬೇಡ.

ಕುದುರೆಗೆ 15 ವರ್ಷ ದಾಟಿದ್ದರೆ ಕುಶಿಂಗ್ ಕಾಯಿಲೆಯನ್ನೂ ಕೇಳಿ. ಇದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯದು. ಕೂದಲು ಉದ್ದ ಬೆಳೆದು ಉದುರದಿರುವುದು, ಬೆನ್ನಿನ ಮಾಂಸ ಇಳಿಯುವುದು ಇದರ ಗುರುತು. ಇದಕ್ಕೆ ಮಾತ್ರೆ ಬೇಕಾಗುತ್ತದೆ, ಮೇವು ಒಂದರಿಂದಲೇ ವಾಸಿಯಾಗುವುದಿಲ್ಲ. ಇನ್ನೂ ಒಂದು ವಿಷಯ: ಇನ್ಸುಲಿನ್ ಏರುಪೇರು ಇದೆ ಎಂದು ಗೊತ್ತಾದ ಮೇಲೆ, ಬೇರೆ ಯಾವ ತೊಂದರೆಗೆ ಯಾವ ವೈದ್ಯರು ಬಂದರೂ ಅವರಿಗೆ ಅದನ್ನು ಹೇಳಿ. ಕೆಲವು ಸ್ಟೀರಾಯ್ಡ್ ಇಂಜೆಕ್ಷನ್‌ಗಳು ಇಂಥ ಕುದುರೆಗೆ ಅಪಾಯ ತರಬಹುದು.

3. ತೂಕ ಲೆಕ್ಕ ಹಾಕಿ

ಕುದುರೆ ತೂಗುವ ಯಂತ್ರ ಎಲ್ಲರಿಗೂ ಎಲ್ಲಿ ಸಿಗುತ್ತದೆ? ಟೇಪಿನಲ್ಲೇ ಅಂದಾಜು ಸಿಗುತ್ತದೆ. ಎರಡು ಅಳತೆ ಬೇಕು, ಎರಡೂ ಸೆಂಟಿಮೀಟರಿನಲ್ಲಿ. ಒಂದು ಎದೆ ಸುತ್ತಳತೆ: ಮುಂಗಾಲಿನ ಹಿಂದೆ, ಜೀನಿನ ಪಟ್ಟಿ ಬರುವ ಜಾಗದಲ್ಲಿ, ಕುದುರೆ ಉಸಿರು ಬಿಟ್ಟಾಗ. ಇನ್ನೊಂದು ಉದ್ದ: ಭುಜದ ಮುಂತುದಿಯಿಂದ ಪೃಷ್ಠದ ಹಿಂತುದಿಯವರೆಗೆ.

ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಅದೇ ಕಿಲೋ ಲೆಕ್ಕದ ತೂಕ. ಸುತ್ತಳತೆ 160, ಉದ್ದ 145 ಇರುವ ತಟ್ಟು ಎಂದುಕೊಳ್ಳಿ. 160 × 160 × 145 ÷ 11,880, ಅಂದರೆ ಸುಮಾರು 312 ಕಿಲೋ. ಹತ್ತಿಪ್ಪತ್ತು ಕಿಲೋ ಹೆಚ್ಚುಕಡಿಮೆ ಇರಬಹುದು, ಚಿಂತೆ ಇಲ್ಲ. ಪ್ರತಿ ಸಲ ಒಬ್ಬರೇ, ಒಂದೇ ಹೊತ್ತಿಗೆ ಅಳೆಯಿರಿ. ಎರಡು ವಾರಕ್ಕೊಮ್ಮೆ ಸಾಕು. ಕತ್ತಿನ ನಡುಭಾಗದ ಸುತ್ತಳತೆಯನ್ನೂ ಬರೆದಿಡಿ.

4. ಕೊಡಬಾರದ್ದನ್ನು ಮೊದಲು ನಿಲ್ಲಿಸಿ

ದಾಣಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಬೊಜ್ಜು ಬಂದು, ಇನ್ಸುಲಿನ್ ಏರುಪೇರು ಇರುವ ಕುದುರೆಗೆ ಓಟ್ಸ್, ಬಾರ್ಲಿ, ಮೆಕ್ಕೆಜೋಳ, ಕಡಲೆ, ಹುರುಳಿ ಯಾವುದೂ ಬೇಡ. ಓಟ್ಸ್‌ನಲ್ಲಿ ಸುಮಾರು 40 ಶೇಕಡಾ, ಮೆಕ್ಕೆಜೋಳದಲ್ಲಿ ಸುಮಾರು 70 ಶೇಕಡಾ ಪಿಷ್ಟ ಇರುತ್ತದೆ. ಬೇಯಿಸಿ ಕೊಟ್ಟರೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿದೆ. ಬೇಯಿಸಿದ ಪಿಷ್ಟ ಇನ್ನೂ ಬೇಗ ಜೀರ್ಣವಾಗಿ ಇನ್ಸುಲಿನ್ನನ್ನು ಇನ್ನೂ ಬೇಗ ಏರಿಸುತ್ತದೆ. ಹಿರಿಯ ಸೈಸ್‌ಗಳಿಗೆ, ಅಂದರೆ ಲಾಯದಲ್ಲಿ ಕುದುರೆ ನೋಡಿಕೊಳ್ಳುವವರಿಗೆ, ಇದು ಒಪ್ಪಿಗೆ ಆಗುವುದಿಲ್ಲ. ಹುರುಳಿ ಬೇಯಿಸಿ ಕುದುರೆ ಸಾಕಿದ ಅನುಭವ ಅವರದು. ಆ ಕುದುರೆಗಳು ದಿನವಿಡೀ ಗಾಡಿ ಎಳೆಯುತ್ತಿದ್ದವು, ಇದು ಲಾಯದಲ್ಲಿ ನಿಂತಿರುವ ಕುದುರೆ ಎಂದು ಗೌರವದಿಂದಲೇ ಬಿಡಿಸಿ ಹೇಳಿ. ಅವರ ಒಪ್ಪಿಗೆ ಇಲ್ಲದೆ ನಿಮ್ಮ ಯೋಜನೆ ನಡೆಯುವುದಿಲ್ಲ, ಯಾಕೆಂದರೆ ಬೆಳಗ್ಗೆ 5ಕ್ಕೆ ಮೇವು ಹಾಕುವವರು ಅವರು.

ಗೋಧಿ ಬೂಸಾದಲ್ಲಿ ಪಿಷ್ಟದ ಜೊತೆ ರಂಜಕವೂ ಜಾಸ್ತಿ, ಕ್ಯಾಲ್ಸಿಯಂ ತೀರ ಕಡಿಮೆ. ಇದಕ್ಕೆ ನೇಪಿಯರ್ ಹುಲ್ಲು ಸೇರಿದರಂತೂ ಕೆಟ್ಟ ಜೋಡಿ. ನೇಪಿಯರ್‌ನಲ್ಲಿ ಆಕ್ಸಲೇಟ್ ಇದ್ದು ಇರುವ ಕ್ಯಾಲ್ಸಿಯಂ ಅನ್ನೂ ಹಿಡಿದುಬಿಡುತ್ತದೆ. ಹಸುವಿನ ಹೊಟ್ಟೆ ಆಕ್ಸಲೇಟನ್ನು ಬಹುಮಟ್ಟಿಗೆ ಕರಗಿಸಿಕೊಳ್ಳುತ್ತದೆ, ಕುದುರೆಗೆ ಅದು ಆಗುವುದಿಲ್ಲ. ತಿಂಗಳುಗಟ್ಟಲೆ ಇವೆರಡನ್ನೇ ತಿಂದ ಕುದುರೆಯ ಮೂಳೆ ಸವೆದು ಮುಖದ ಮೂಳೆ ಊದಿಕೊಳ್ಳುತ್ತದೆ. ಹೈನುಗಾರಿಕೆ ಇರುವ ಮನೆಗಳಲ್ಲಿ "ಹಸುವಿಗೆ ಹಾಕಿದ್ದನ್ನೇ ಇದಕ್ಕೂ" ಎಂದು ಹಾಕುವುದು ಸಾಮಾನ್ಯ, ಅದಕ್ಕೇ ಇಷ್ಟು ಹೇಳಿದೆ.

ದನದ ಅಥವಾ ಕೋಳಿಯ ಸಿದ್ಧ ಆಹಾರವನ್ನು ಕುದುರೆಗೆ ಹಾಕಲೇಬೇಡಿ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧ ಬೆರೆಸಿರುತ್ತಾರೆ. ಹಸು, ಕೋಳಿಗೆ ಅದು ಸರಿ, ಕುದುರೆಗೆ ಸ್ವಲ್ಪ ಹೋದರೂ ಹೃದಯ ಕೆಟ್ಟು ಸಾಯಬಹುದು. ಕುದುರೆಗೆಂದೇ ಮಾಡಿದ ಸಿದ್ಧ ಆಹಾರದಲ್ಲೂ ಕಾಕಂಬಿ ಸೇರಿರುತ್ತದೆ, ಚೀಲದ ಹಿಂದೆ ಓದಿ ನೋಡಿ.

ಇನ್ನು ಬೆಲ್ಲ. ಪ್ರೀತಿಯಿಂದ ಕೊಡುತ್ತೇವೆ, ಅಲ್ವಾ? ಆಯುಧಪೂಜೆ ದಿನ ಬೆಲ್ಲ, ಬಾಳೆಹಣ್ಣು, ಸಿಹಿ ಪೊಂಗಲ್ ಎಲ್ಲ ಒಟ್ಟಿಗೆ ಕುದುರೆಯ ಬಾಯಿಗೆ ಹೋಗುತ್ತದೆ. ಬೆಲ್ಲ ಎಂದರೆ ಹೆಚ್ಚುಕಡಿಮೆ ಪೂರ್ತಿ ಸಕ್ಕರೆ. ಪೂಜೆಗೆ ಗರಿಕೆ ಇದೆ, ಒಂದು ಹಿಡಿ ಗರಿಕೆ ತಿನ್ನಿಸಿ. ಸವಾರಿಗೆ ಬರುವ ಮಕ್ಕಳು ಏನಾದರೂ ಕೊಡಲೇಬೇಕು ಎಂದರೆ ಸೌತೆಕಾಯಿಯ ಒಂದೆರಡು ಹೋಳು ಕೊಡಿಸಿ. ಲಾಯದ ಬಾಗಿಲಿಗೆ "ದಯವಿಟ್ಟು ಏನನ್ನೂ ತಿನ್ನಿಸಬೇಡಿ" ಎಂದು ದೊಡ್ಡದಾಗಿ ಬರೆದು ಹಾಕಿ. ಕಬ್ಬಿನ ಸೋಗೆ, ತೆನೆ ಕಟ್ಟಿದ ಮೆಕ್ಕೆಜೋಳದ ಹಸಿ ದಂಟು, ಇವೂ ಬೇಡದ ಪಟ್ಟಿಗೇ.

ದಾಣಿ ತಿನ್ನುತ್ತಿರುವ ಕುದುರೆಗೆ ಲ್ಯಾಮಿನೈಟಿಸ್ ಇಲ್ಲದಿದ್ದರೆ 7ರಿಂದ 10 ದಿನದಲ್ಲಿ ಹಂತವಾಗಿ ಇಳಿಸಿ. ಲ್ಯಾಮಿನೈಟಿಸ್ ಇದ್ದರೆ ಅವತ್ತೇ ನಿಲ್ಲಿಸಬೇಕು.

5. ಒಳ್ಳೆಯ ಹುಲ್ಲು ಹುಡುಕಿ

ಇಡೀ ಯೋಜನೆ ನಿಂತಿರುವುದು ಹುಲ್ಲಿನ ಮೇಲೆ. ಸಕ್ಕರೆ ಮತ್ತು ಪಿಷ್ಟ ಸೇರಿ ಒಣ ತೂಕದ 10ರಿಂದ 12 ಶೇಕಡಾಕ್ಕಿಂತ ಕಡಿಮೆ ಇರುವ ಹುಲ್ಲು ಬೇಕು. ಒಣ ತೂಕ ಅಂದರೆ ನೀರಿನಂಶ ಕಳೆದು ಉಳಿದ ತೂಕ. ಪ್ರಯೋಗಾಲಯಕ್ಕೆ ಕಳಿಸುವಾಗ "ನೀರಿನಲ್ಲಿ ಕರಗುವ ಸಕ್ಕರೆ ಮತ್ತು ಪಿಷ್ಟ, ಎರಡೂ ಬೇಕು" ಎಂದು ಬಿಡಿಸಿ ಕೇಳಿ. ಬರೀ ಪ್ರೋಟೀನ್, ನಾರಿನಂಶದ ವರದಿಯಿಂದ ನಮಗೆ ಉಪಯೋಗ ಇಲ್ಲ. ಪಶುವೈದ್ಯಕೀಯ ಕಾಲೇಜಿನ ಪಶು ಆಹಾರ ವಿಭಾಗದಲ್ಲಿ ಎಲ್ಲಿ ಮಾಡಿಸಬಹುದು ಎಂದು ವಿಚಾರಿಸಿ.

ಪರೀಕ್ಷೆ ಆಗದಿದ್ದರೆ ಹೀಗೆ ಆರಿಸಿ. ಗರಿಕೆ, ರೋಡ್ಸ್ ಹುಲ್ಲು ಬಿಸಿಲು ನಾಡಿನವು, ಇವುಗಳಲ್ಲಿ ಸಾಮಾನ್ಯವಾಗಿ ಸಕ್ಕರೆ ಕಡಿಮೆ. ಓಟ್ಸ್ ಹುಲ್ಲು ಎಷ್ಟು ಹಸಿರಾಗಿ ಚೆನ್ನಾಗಿ ಕಂಡರೂ ಸಕ್ಕರೆ ಜಾಸ್ತಿ ಇರಬಹುದು, ಪರೀಕ್ಷೆ ಇಲ್ಲದೆ ಬೇಡ. ಲೂಸರ್ನ್, ಅಂದರೆ ಕುದುರೆ ಮಸಾಲೆ ಸೊಪ್ಪಿನಲ್ಲಿ ಸಕ್ಕರೆ ಹೆಚ್ಚಿಲ್ಲ, ಆದರೆ ಶಕ್ತಿ ಮತ್ತು ಪ್ರೋಟೀನ್ ಜಾಸ್ತಿ. ಒಣಗಿದ್ದು ದಿನಕ್ಕೆ 300–400 ಗ್ರಾಂ ಪ್ರೋಟೀನ್‌ಗಾಗಿ ಸಾಕು, ಅದಕ್ಕೇ ಹೊಟ್ಟೆ ತುಂಬಿಸಬೇಡಿ. ಭತ್ತದ ಹುಲ್ಲು, ರಾಗಿ ಹುಲ್ಲು ಮೈ ಇಳಿಸಲು ಸುಲಭದ ದಾರಿ ಎನಿಸುತ್ತದೆ. ಆದರೆ ಒಟ್ಟು ಮೇವಿನ ಕಾಲು ಭಾಗ ದಾಟಿಸಬೇಡಿ. ಗಟ್ಟಿ ನಾರು ಕರುಳಿನಲ್ಲಿ ಗಂಟು ಕಟ್ಟಿ ಹೊಟ್ಟೆನೋವು, ಅಂದರೆ ಕಾಲಿಕ್, ಬರುತ್ತದೆ. ಹಲ್ಲು ಸವೆದ ಮುದಿ ಕುದುರೆಗೆ ಅದೂ ಬೇಡ. ಯಾವ ಹುಲ್ಲೇ ಆಗಲಿ, ಬೂಷ್ಟು ಹಿಡಿದದ್ದನ್ನು ಎಸೆಯಿರಿ.

6. ತೂಗಿ ಕೊಡಿ

ಸಾಧಾರಣ ಕುದುರೆ ತನ್ನ ತೂಕದ ಸುಮಾರು 2 ಶೇಕಡಾದಷ್ಟು ಒಣ ತೂಕದ ಮೇವು ತಿನ್ನುತ್ತದೆ. ಮೈ ಇಳಿಸಬೇಕಾದ ಕುದುರೆಗೆ ಈಗಿನ ತೂಕದ 1.5 ಶೇಕಡಾ ಕೊಡಿ. ನಮ್ಮ 312 ಕಿಲೋ ತಟ್ಟಿಗೆ 4.7 ಕಿಲೋ ಒಣ ತೂಕ ಆಯಿತು. ಒಣಹುಲ್ಲಿನಲ್ಲೂ ಹತ್ತಿರಹತ್ತಿರ 10–12 ಶೇಕಡಾ ನೀರಿರುವುದರಿಂದ ತಕ್ಕಡಿಯಲ್ಲಿ 5.3 ಕಿಲೋ ಬರಬೇಕು.

ಹಸಿ ಹುಲ್ಲು ಹಾಕುವವರು ಇಲ್ಲೇ ಎಡವುತ್ತಾರೆ. ಕೊಯ್ದು ತಂದ ಹಸಿ ಗರಿಕೆಯಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರೇ. 9 ಕಿಲೋ ಹಸಿ ಹುಲ್ಲಿನಲ್ಲಿ ಸುಮಾರು 2 ಕಿಲೋ ಒಣ ತೂಕ ಇರುತ್ತದೆ. ಹಾಗಾಗಿ 3 ಕಿಲೋ ಒಣಹುಲ್ಲು, 9 ಕಿಲೋ ಹಸಿ ಗರಿಕೆ ಕೊಟ್ಟರೆ ದಿನದ ಲೆಕ್ಕ ಮುಗಿಯಿತು. ಅದರ ಮೇಲೆ ಒಂದು ಹೊರೆ ಹಸಿ ಹುಲ್ಲು "ಸುಮ್ನೆ ಬಾಯಾಡಲಿ" ಎಂದು ಹಾಕಿದರೆ, ನೀವು ಬೆಳಗ್ಗೆಯಿಂದ ತೂಗಿದ್ದೆಲ್ಲ ವ್ಯರ್ಥ.

ಈಗ ಉಪವಾಸದ ಮಾತು. ಬೊಜ್ಜಿರುವ ಪೋನಿ ಅಥವಾ ಕತ್ತೆಗೆ ಮೇವು ತಟ್ಟನೆ ನಿಂತರೆ ಮೈಯ ಕೊಬ್ಬೆಲ್ಲ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಇದಕ್ಕೆ ಹೈಪರ್‌ಲಿಪೀಮಿಯಾ ಎನ್ನುತ್ತಾರೆ. ಯಕೃತ್ತು ಅದನ್ನು ತಾಳಲಾರದೆ ಪ್ರಾಣಿ ಸಾಯಬಹುದು. ಕತ್ತೆಗಳಲ್ಲಿ ಇದರ ಅಪಾಯ ಇನ್ನೂ ಹೆಚ್ಚು. ಕುದುರೆಯ ಹೊಟ್ಟೆ ಇಪ್ಪತ್ನಾಲ್ಕು ಗಂಟೆಯೂ ಆಮ್ಲ ಸುರಿಸುತ್ತಿರುತ್ತದೆ, ತುಂಬ ಹೊತ್ತು ಖಾಲಿ ಬಿಟ್ಟರೆ ಹುಣ್ಣಾಗುತ್ತದೆ. ಆದ್ದರಿಂದ 1.5 ಶೇಕಡಾಕ್ಕಿಂತ ಕೆಳಗೆ ನೀವಾಗಿಯೇ ಇಳಿಯಬೇಡಿ. ನಾಲ್ಕಾರು ವಾರ ಕಟ್ಟುನಿಟ್ಟಾಗಿ ನಡೆಸಿದರೂ ಟೇಪು ಅಲುಗದಿದ್ದರೆ, ವೈದ್ಯರ ಕಣ್ಗಾವಲಿನಲ್ಲಿ 1.25ಕ್ಕೆ ಇಳಿಸಬಹುದು. ನಮ್ಮ ಲೆಕ್ಕದಲ್ಲಿ ಅದು 4.4 ಕಿಲೋ ಒಣಹುಲ್ಲು.

7. ನೆನೆಸಿ, ಬಲೆಗೆ ತುಂಬಿ, ಹಂಚಿ

ಸಕ್ಕರೆ ಎಷ್ಟಿದೆ ಎಂದು ಗೊತ್ತಿಲ್ಲದ ಹುಲ್ಲನ್ನು ನೆನೆಸಿ ಕೊಡುವುದು ಒಳ್ಳೆಯದು. ತೂಗಿದ ಹುಲ್ಲನ್ನು ಬಲೆಗೆ ತುಂಬಿ ಡ್ರಮ್ಮಿನಲ್ಲಿ ಪೂರ್ತಿ ಮುಳುಗಿಸಿ, ಮೇಲೊಂದು ಕಲ್ಲಿಡಿ. ನಮ್ಮ ಹವೆಗೆ 30ರಿಂದ 60 ನಿಮಿಷ ಸಾಕು. ಎತ್ತಿದಾಗ ನೀರು ಕಡುಚಹಾದ ಬಣ್ಣಕ್ಕೆ ತಿರುಗಿ, ಮೇಲೆ ತೆಳು ನೊರೆ ಕಟ್ಟಿರುತ್ತದೆ. ಹುಲ್ಲಿನಿಂದ ಇಳಿದ ಸಕ್ಕರೆ ಅದರಲ್ಲಿದೆ. ಆ ನೀರನ್ನು ಕುದುರೆಯ ಬಾಯಿಗೆ ಸಿಗದ ಕಡೆ ಚೆಲ್ಲಿ, ಹುಲ್ಲನ್ನು ಒಮ್ಮೆ ತೊಳೆದು, ನೀರು ಸೋರಲು ಬಿಟ್ಟು ಕೊಡಿ.

ಇದರಲ್ಲಿ ಆಗುವ ತಪ್ಪುಗಳು: ನೆನೆದ ಮೇಲೆ ತೂಗುವುದು (ನೀರಿನ ಭಾರ ಸೇರಿ ಕುದುರೆಗೆ ಅರ್ಧ ಹೊಟ್ಟೆ ಆಗುತ್ತದೆ), ರಾತ್ರಿಯಿಡೀ ನೆನೆಸುವುದು (ಬೇಸಿಗೆಯಲ್ಲಿ ಹುಳಿಬಂದು ನಾರುತ್ತದೆ), ಅದೇ ನೀರಿಗೆ ಎರಡನೇ ಬಲೆ ಮುಳುಗಿಸುವುದು. ನೆನೆಸಿದ ಹುಲ್ಲು ಅವತ್ತೇ ಮುಗಿಯಬೇಕು. ಇನ್ನೊಂದು ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ನೀರಿಗೆ ಸಕ್ಕರೆ ಇಳಿಯುತ್ತದೆ, ಪಿಷ್ಟ ಇಳಿಯುವುದಿಲ್ಲ. ಗರಿಕೆ, ರೋಡ್ಸ್ ಹುಲ್ಲುಗಳು ತಮ್ಮ ಉಳಿಕೆಯನ್ನು ಪಿಷ್ಟವಾಗಿ ಇಟ್ಟುಕೊಳ್ಳುತ್ತವೆ. ಹಾಗಾಗಿ ನೆನೆಸಿದೆ ಎಂದ ಮಾತ್ರಕ್ಕೆ ಯಾವ ಹುಲ್ಲಾದರೂ ನಡೆಯುತ್ತದೆ ಎಂದುಕೊಳ್ಳಬೇಡಿ.

ದಿನದ ಪಾಲನ್ನು ನಾಲ್ಕು ಹೊತ್ತಿಗೆ ಹಂಚಿ. ಬೆಳಗ್ಗೆ 6, ಹನ್ನೊಂದೂವರೆ, ಸಂಜೆ 5, ರಾತ್ರಿ 9:30. ರಾತ್ರಿಯದು ದೊಡ್ಡ ಪಾಲಾಗಿರಲಿ, ಆ ಅಂತರವೇ ಉದ್ದ. ಬಲೆಯ ಕಣ್ಣು 3 ಸೆಂಟಿಮೀಟರ್ ಆಸುಪಾಸು ಇರಲಿ. ಬೇಗ ಮುಗಿಸುವ ಕುದುರೆಗೆ ಒಂದರೊಳಗೊಂದು ಎರಡು ಬಲೆ ಹಾಕಿ. ಎರಡು ಮೂಲೆಯಲ್ಲಿ ಕಟ್ಟಿದರೆ ಓಡಾಡಿಕೊಂಡು ತಿನ್ನುತ್ತದೆ. ಕಾಲು ಸಿಕ್ಕಿಹಾಕಿಕೊಳ್ಳದ ಎತ್ತರಕ್ಕೆ ಕಟ್ಟಿ. ಹೊಸದರಲ್ಲಿ ಕುದುರೆ ಸಿಟ್ಟಾಗುತ್ತದೆ, ಬಲೆಯನ್ನು ಹಿಡಿದು ಎಳೆದಾಡುತ್ತದೆ. ಮೊದಲ ವಾರ ಸ್ವಲ್ಪ ಹುಲ್ಲು ಬಿಡಿಯಾಗಿಯೂ ಹಾಕಿ, ಒಗ್ಗಿಕೊಳ್ಳುತ್ತದೆ.

ಲಾಯದ ನೆಲಕ್ಕೆ ಹುಲ್ಲು ಹಾಸುವವರು ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಸಿದ ಕುದುರೆ ರಾತ್ರಿ ಹಾಸಿಗೆಯನ್ನೇ ತಿನ್ನುತ್ತದೆ. ಮರದ ಹೊಟ್ಟು ಹಾಕಿದರೆ ಈ ತಲೆನೋವು ಇಲ್ಲ.

8. ಕಳೆದುಹೋದದ್ದನ್ನು ತುಂಬಿ

ಕಡಿಮೆ ಹುಲ್ಲು, ಅದೂ ನೆನೆಸಿದ್ದು ಎಂದರೆ ಖನಿಜ, ಪ್ರೋಟೀನ್ ಎರಡೂ ಕಡಿಮೆ ಆಗುತ್ತವೆ. ತಾಮ್ರ, ಸತು, ವಿಟಮಿನ್ ಇ ಇರುವ, ಕುದುರೆಗೆಂದೇ ಮಾಡಿದ ಖನಿಜ ಮಿಶ್ರಣವನ್ನು ವೈದ್ಯರಿಂದ ಬರೆಸಿಕೊಳ್ಳಿ. ಒಂದು ಹಿಡಿ ನೆನೆಸಿದ ಲೂಸರ್ನ್‌ನಲ್ಲಿ ಕಲಸಿ ಕೊಡಬಹುದು. ಅಡುಗೆ ಉಪ್ಪು ದಿನಕ್ಕೊಂದು ದೊಡ್ಡ ಚಮಚ, ಜೊತೆಗೆ ಸದಾ ಶುದ್ಧ ನೀರು.

9. ಮೇಯಲು ಬಿಡುವವರಿಗೆ

ಹುಲ್ಲು ಬಿಸಿಲಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ, ರಾತ್ರಿ ಅದನ್ನು ಬಳಸಿಕೊಂಡು ಬೆಳೆಯುತ್ತದೆ. ಬೆಳಗಿನ ಜಾವ ಸಕ್ಕರೆ ಕಡಿಮೆ, ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಹೆಚ್ಚು. ಬಿಡುವುದಾದರೆ ಬೆಳಕು ಹರಿಯುವಾಗ ಬಿಟ್ಟು 9ಕ್ಕೆ ಒಳಗೆ ಕಟ್ಟಿ. ಒಣಗಿದ ನೆಲಕ್ಕೆ ಮುಂಗಾರಿನ ಮೊದಲ ಮಳೆ ಬಿದ್ದು ಚಿಗುರಿದಾಗ, ಬುಡದವರೆಗೆ ಮೇಯ್ದ ಹುಲ್ಲು ಬಿಸಿಲಿಗೆ ಸೊರಗಿದಾಗ ವಿಶೇಷ ಎಚ್ಚರಿಕೆ ಬೇಕು. "ಎರಡು ಮೂರು ಗಂಟೆ ತಾನೇ" ಎನ್ನಬೇಡಿ. ಕಡಿಮೆ ಹೊತ್ತು ಬಿಟ್ಟರೆ ಪೋನಿ ಬೇಗ ಬೇಗ ಮೇಯುವುದನ್ನು ಕಲಿಯುತ್ತದೆ, 3 ಗಂಟೆಯಲ್ಲಿ ದಿನದ ಮೇವಿನ ದೊಡ್ಡ ಪಾಲನ್ನೇ ಮುಗಿಸಬಲ್ಲದು. ಬಾಯಿಗೆ ಕುಕ್ಕೆ ಕಟ್ಟಿ ಬಿಡಬಹುದು, ಆದರೆ ಎತ್ತಿಗೆ ಕಟ್ಟುವಂಥ ಮುಚ್ಚಿದ ಕುಕ್ಕೆ ಬೇಡ. ತಳದಲ್ಲಿ ಸಣ್ಣ ತೂತಿದ್ದು ನಾಲ್ಕು ಎಸಳು ಹುಲ್ಲು ಸಿಗುವಂಥ, ನೀರು ಕುಡಿಯಲು ಬರುವಂಥದ್ದು ಬೇಕು. ಲ್ಯಾಮಿನೈಟಿಸ್ ಬಂದು ಹೋದ ಕುದುರೆಗೆ, ಇನ್ಸುಲಿನ್ ಹತೋಟಿಗೆ ಬಂದಿದೆ ಎಂದು ವೈದ್ಯರು ಹೇಳುವವರೆಗೆ ಮೇಯುವುದೇ ಬೇಡ. ಹುಲ್ಲಿಲ್ಲದ ಅಂಗಳದಲ್ಲಿ ಅಡ್ಡಾಡಲಿ.

ಇಂಗ್ಲೆಂಡ್, ಅಮೆರಿಕದಂಥ ಕಡೆ ಕುದುರೆ ಇಟ್ಟುಕೊಂಡಿರುವ ನಮ್ಮವರಿಗೆ ಒಂದು ಮಾತು. ಅಲ್ಲಿನ ಚಳಿ ಹುಲ್ಲುಗಳು ಫ್ರಕ್ಟಾನ್ ಎಂಬ ಸಕ್ಕರೆಯನ್ನು ಮಿತಿ ಇಲ್ಲದೆ ಕೂಡಿಹಾಕುತ್ತವೆ. ಹಿಮ ಬಿದ್ದ ರಾತ್ರಿಯ ಮರುದಿನ, ಬಿಸಿಲಿರುವ ಬೆಳಗಿನಲ್ಲಿ ಸಕ್ಕರೆ ಇಳಿದಿರುವುದಿಲ್ಲ. ಮೇಲೆ ಹೇಳಿದ ಬೆಳಗಿನ ಜಾವದ ನಿಯಮ ಆ ದಿನಗಳಿಗೆ ಹೊಂದುವುದಿಲ್ಲ.

10. ನಡೆಸಿ, ಬೆರಳಿಟ್ಟು ನೋಡಿ, ಬರೆದಿಡಿ

ಗೊರಸಿನ ನೋವಿಲ್ಲದ ಕುದುರೆಗೆ ವಾರಕ್ಕೆ ಐದು ದಿನ, ಅರ್ಧ ಗಂಟೆಗೆ ಕಡಿಮೆ ಇಲ್ಲದಂತೆ ಚುರುಕು ನಡಿಗೆ ಮತ್ತು ದುಡುಕಿ ಓಟ (ಟ್ರಾಟ್) ಕೊಡಿ. ವ್ಯಾಯಾಮ ತೂಕ ಇಳಿಸುವುದರ ಜೊತೆಗೆ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲೂ ನೆರವಾಗುತ್ತದೆ. ಲ್ಯಾಮಿನೈಟಿಸ್‌ನಿಂದ ಚೇತರಿಸಿಕೊಂಡದ್ದಕ್ಕೆ ಯಾವಾಗ, ಎಷ್ಟು ಎಂದು ವೈದ್ಯರು ಮತ್ತು ಲಾಳ ಕಟ್ಟುವವರು ಇಬ್ಬರೂ ಸೇರಿ ಹೇಳಬೇಕು.

ದಿನವೂ ಬೆಳಗ್ಗೆ ಮೇವು ಹಾಕುವ ಮುಂಚೆ ಗೊರಸಿನ ನಾಡಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕಾಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಗೊರಸಿನ ಮೇಲಿನ ಗಂಟಿನ ಹಿಂಬದಿಗೆ ಹೆಬ್ಬೆರಳು ಒಂದು ಕಡೆ, ತೋರುಬೆರಳು ಇನ್ನೊಂದು ಕಡೆ ಬರುವಂತೆ ಹಿಡಿಯಿರಿ. ತುಂಬ ಒತ್ತಬೇಡಿ, ಒತ್ತಿದರೆ ರಕ್ತನಾಳವೇ ಮುಚ್ಚುತ್ತದೆ. ಬೆರಳಡಿ ಹುರಿಯಂಥದ್ದು ಜಾರುತ್ತದೆ. ಆರೋಗ್ಯವಾದ ಕಾಲಿನಲ್ಲಿ ಮಿಡಿತ ಹುಡುಕಿದರೂ ಸಿಗುವುದು ಕಷ್ಟ. ತೊಂದರೆ ಶುರುವಾದಾಗ ಟಕ್ ಟಕ್ ಎಂದು ಬೆರಳಿಗೆ ಬಡಿಯುತ್ತದೆ, ಗೊರಸು ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ನಿಮ್ಮ ಕುದುರೆಯ ಮಾಮೂಲಿ ಮಿಡಿತ ಹೇಗಿರುತ್ತದೆ ಎಂದು ಚೆನ್ನಾಗಿರುವ ದಿನಗಳಲ್ಲೇ ಕಲಿತಿರಬೇಕು. ಆಗ ಮಾತ್ರ ಬದಲಾವಣೆ ತಿಳಿಯುತ್ತದೆ.

ವಾರಕ್ಕೆ ಮೈತೂಕದ ಅರ್ಧದಿಂದ ಒಂದು ಶೇಕಡಾ ಇಳಿದರೆ ಸರಿಯಾದ ವೇಗ. 312 ಕಿಲೋ ತಟ್ಟು ವಾರಕ್ಕೆ ಒಂದೂವರೆಯಿಂದ ಮೂರು ಕಿಲೋ ಇಳಿಯಬೇಕು. ಮೊದಲ ತಿಂಗಳು ಕಣ್ಣಿಗೆ ಏನೂ ಕಾಣದೆ ಬೇಸರ ಬರುತ್ತದೆ, ನೋಟ್‌ಬುಕ್ಕಿನ ಅಂಕಿಗಳನ್ನು ನಂಬಿ. ಸಾಮಾನ್ಯವಾಗಿ ಹೊಟ್ಟೆ ಮೊದಲು ಇಳಿಯುತ್ತದೆ, ಕತ್ತಿನ ಕೊಬ್ಬು ಕೊನೆಗೆ. ಕುದುರೆ ಮೇವು ಬಿಟ್ಟು ಮಂಕಾಗಿ ನಿಂತರೆ ಮಾತ್ರ ಕಾಯಬೇಡಿ, ಅದೇ ದಿನ ವೈದ್ಯರನ್ನು ಕರೆಸಿ ರಕ್ತದ ಕೊಬ್ಬಿನ ಪರೀಕ್ಷೆ ಮಾಡಿಸಿ.

ಪಕ್ಕೆಲುಬು ಬೆರಳಿಗೆ ಸಲೀಸಾಗಿ ಸಿಗುವ ಹಂತಕ್ಕೆ ಬಂದ ಮೇಲೆ ಹುಲ್ಲನ್ನು ವಾರಕ್ಕೆ ಕಾಲು ಕಿಲೋದಂತೆ ಏರಿಸುತ್ತಾ, ತೂಕ ನಿಂತ ಕಡೆ ನಿಲ್ಲಿಸಿ. ಹೆಚ್ಚಿಸಬೇಕಾದ್ದು ಹುಲ್ಲನ್ನು, ದಾಣಿಯನ್ನಲ್ಲ. ಇಷ್ಟರೊಳಗೆ ಇನ್ನೊಮ್ಮೆ ಇನ್ಸುಲಿನ್ ಪರೀಕ್ಷೆ ಆಗಲಿ. ಮೈ ಇಳಿದರೂ ಅದು ಇಳಿಯದಿದ್ದರೆ ಈಗ ಅದಕ್ಕೆ ಔಷಧಿಗಳಿವೆ, ವೈದ್ಯರ ಹತ್ತಿರ ಕೇಳಿ. ಹುಲ್ಲಿನ ಹೊಸ ಲೋಡು ಬಂದಾಗಲೆಲ್ಲ ಹಳೆಯದನ್ನು ಒಂದು ವಾರಕ್ಕಾಗುವಷ್ಟು ಎತ್ತಿಟ್ಟುಕೊಳ್ಳಿ, ಎರಡನ್ನೂ ಬೆರೆಸುತ್ತಾ ಬದಲಾಯಿಸಿ.